ನಡುರಾತ್ರಿಯಲ್ಲಿ ಎಚ್ಚರಗೊಳ್ಳುವ ಮಗು

ಹಸಿವು ನೀರಡಿಕೆಗಳಂತೆ ನಿದ್ರೆಯೂ ದೇಹಧರ್ಮ. ಹಗಲೆಲ್ಲ ಕಾಯಕದಲ್ಲಿ ದಣಿದ ಜೀವಕ್ಕೆ ರಾತ್ರಿಯ ನಿದ್ರೆಯೇ ಮರುದಿನದ ಬಂಡವಾಳ. ಮಕ್ಕಳಿಗಂತೂ ಬೆಳವಣಿಗೆ, ಕಲಿಕೆ, ನೆನಪು, ಮನಸ್ಸಿನ ಸಮಾಧಾನ ಎಲ್ಲವೂ ನಿದ್ರೆಯನ್ನು ಆಶ್ರಯಿಸಿವೆ. ಆದರೆ ನಮ್ಮ ನಡುವಿನ ಕೆಲವು ಮನೆಗಳಲ್ಲಿ ರಾತ್ರಿ ಎಂಬುದು ವಿಶ್ರಾಂತಿಯ ಹೊತ್ತಾಗಿ ಉಳಿದಿಲ್ಲ. ಎಲ್ಲರೂ ಮಲಗಿದ ಮೇಲೆ, ಒಂದು ಎರಡು ಗಂಟೆಯ ಸುಮಾರಿಗೆ, ಆ ಮನೆಯ ಮಗು ಎದ್ದು ಕೂರುತ್ತದೆ. ಒಮ್ಮೆ ಅಳುತ್ತದೆ, ಒಮ್ಮೆ ತನ್ನಷ್ಟಕ್ಕೆ ತಾನೇ ನಗುತ್ತದೆ, ಪಡಸಾಲೆಯ ಉದ್ದಕ್ಕೂ ಓಡಾಡುತ್ತದೆ, ದೀಪವನ್ನು ಹೊತ್ತಿಸಿ ಆರಿಸಿ ಆಡುತ್ತದೆ. ನಸುಕಿನವರೆಗೂ ಅದಕ್ಕೆ ನಿದ್ರೆಯಿಲ್ಲ. ಅದರ ತಾಯಿಗೂ ಇಲ್ಲ. ಬೆಳಗಾದೊಡನೆ ಆಕೆ ಅಂಗಳ ಸಾರಿಸಬೇಕು, ಪೂಜೆಗೆ ಅಣಿ ಮಾಡಬೇಕು, ರೊಟ್ಟಿ ಬಡಿಯಬೇಕು. ವರ್ಷಗಟ್ಟಲೆ ಹೀಗೆ ನಡೆದರೆ ಆ ತಾಯಿಯ ಗತಿಯೇನು?

ಸ್ವಲೀನತೆ ಇರುವ ಮಕ್ಕಳ ಮನೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಇಂಥ ಮಕ್ಕಳಲ್ಲಿ ನೂರಕ್ಕೆ 50ರಿಂದ 80 ಮಂದಿಗೆ ನಿದ್ರೆಯ ತೊಂದರೆ ಇರುತ್ತದೆಂದು ವೈದ್ಯಲೋಕ ಹೇಳುತ್ತದೆ. ಇಷ್ಟು ವ್ಯಾಪಕವಾದ ಕಷ್ಟದ ಬಗ್ಗೆ ನಮ್ಮ ಮನೆಗಳಲ್ಲಿ ಮಾತು ಮಾತ್ರ ಕಡಿಮೆ. ನೆರೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚದಿಂದ ತಾಯಿ ಬಾಯಿ ಬಿಡುವುದಿಲ್ಲ. ಮನೆಯ ಹಿರಿಯರು ದೃಷ್ಟಿಯಾಗಿದೆ, ಗಾಳಿ ಸೋಕಿದೆ ಎಂದು ದಾರ ಕಟ್ಟಿಸುತ್ತಾರೆ. ಆದಕಾರಣ ಈ ತಿಂಗಳು ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸೋಣ. ನಡುರಾತ್ರಿಯ ಎಚ್ಚರಕ್ಕೆ ಕಾರಣಗಳಿವೆ. ಅವನ್ನು ಹುಡುಕಬಹುದು. ಮತ್ತೆ ನಿದ್ರೆಗೆ ಜಾರುವುದನ್ನು ಮಗುವಿಗೆ ಕಲಿಸಬಹುದು. ಆದರೆ ಈ ಕೆಲಸ ತಾಯಿಯೊಬ್ಬಳ ಹೆಗಲಿನ ಮೇಲೆ ಬಿದ್ದರೆ ಸಾಗದು, ಮನೆಮಂದಿಯೆಲ್ಲ ಕೈಗೂಡಿಸಬೇಕು.

ಸ್ವಲೀನತೆ ಎಂದರೇನು?

ವೈದ್ಯರು ಆಟಿಸಂ ಎಂದು ಕರೆಯುವ ಸ್ಥಿತಿಗೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ರೂಢಿಗೆ ಬಂದಿದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಅವರು ಹನ್ನೊಂದು ಮಕ್ಕಳನ್ನು ಗಮನಿಸಿ ಇದನ್ನು ಮೊದಲ ಬಾರಿಗೆ ವಿವರವಾಗಿ ಬರೆದರು. ಈ ಮಕ್ಕಳ ಮಿದುಳಿನ ಬೆಳವಣಿಗೆಯ ಬಗೆಯೇ ಬೇರೆ. ಮಾತು ತಡವಾಗಬಹುದು ಅಥವಾ ಬಾರದೆಯೂ ಇರಬಹುದು. ಇತರರ ಕಣ್ಣು, ಮುಖ, ದನಿಗಳ ಭಾವವನ್ನು ಗ್ರಹಿಸುವುದು ಕಷ್ಟವಾಗಬಹುದು. ಮಾಡಿದ್ದನ್ನೇ ಮಾಡುವುದು, ಇಟ್ಟ ವಸ್ತು ಇಟ್ಟಲ್ಲಿಯೇ ಇರಬೇಕೆಂಬ ಹಟ, ಸದ್ದು, ಬೆಳಕು, ಸ್ಪರ್ಶಗಳ ವಿಷಯದಲ್ಲಿ ಅತಿಸೂಕ್ಷ್ಮತೆ, ಇವು ಅದರ ಲಕ್ಷಣಗಳು. ಒಂದು ಮಗುವಿನಂತೆ ಇನ್ನೊಂದು ಮಗು ಇರುವುದಿಲ್ಲ.

ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುತ್ತದೆಂದು ಪಶ್ಚಿಮ ದೇಶಗಳ ಪಂಡಿತರೇ ಬಹುಕಾಲ ವಾದಿಸಿದ್ದುಂಟು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ ಅವರು, ತಾವೇ ಇಂಥ ಮಗನೊಬ್ಬನ ತಂದೆಯಾಗಿದ್ದವರು, ಆ ವಾದವನ್ನು ಖಂಡಿಸಿ ಗ್ರಂಥ ಬರೆದರು. ಮುಂದಿನ ಸಂಶೋಧನೆಗಳೂ ಅದನ್ನು ಪೂರ್ಣವಾಗಿ ತಳ್ಳಿಹಾಕಿದವು. ಹೀಗಿದ್ದರೂ ನಮ್ಮಲ್ಲಿ ಸೊಸೆಯ ಕಾಲ್ಗುಣವನ್ನೋ, ಬಸುರಿಯಾಗಿದ್ದಾಗ ಆಕೆ ಗ್ರಹಣ ನೋಡಿದುದನ್ನೋ ಕಾರಣವೆಂದು ಆಡಿಕೊಳ್ಳುವವರು ಇಲ್ಲದಿಲ್ಲ. ಗ್ರಹಗತಿ, ಶಕುನ, ಮಾಟಗಳ ಅಂಜಿಕೆಯಿಂದ ಜನರನ್ನು ಬಿಡಿಸಲು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಶ್ರಮಿಸಿದರು. ಅವರ ಹೆಸರು ಹೇಳುವ ಮನೆಗಳಲ್ಲಿ ಇಂಥ ಮಾತಿಗೆ ಎಡೆಯಿರಬಾರದು.

ನಿದ್ರೆ ಏಕೆ ಮುರಿಯುತ್ತದೆ?

ರಾತ್ರಿಯಿಡೀ ಒಂದೇ ಸಮನೆ ನಿದ್ರೆ ಮಾಡುವವರು ಯಾರೂ ಇಲ್ಲ. ನಿದ್ರೆ ಅಲೆ ಅಲೆಯಾಗಿ ಬರುತ್ತದೆ. ಎಳೆಯ ಮಕ್ಕಳಲ್ಲಿ ಸುಮಾರು ಒಂದು ಗಂಟೆಗೊಮ್ಮೆ, ದೊಡ್ಡವರಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಒಂದು ಅಲೆ ಮುಗಿದು ಇನ್ನೊಂದು ತೊಡಗುತ್ತದೆ. ಆ ಸಂಧಿಯಲ್ಲಿ ನಾವೆಲ್ಲರೂ ಅರೆ ಎಚ್ಚರಗೊಂಡು, ಮಗ್ಗುಲು ಬದಲಿಸಿ, ಹೊದಿಕೆ ಎಳೆದುಕೊಂಡು ಮತ್ತೆ ನಿದ್ರೆಗೆ ಜಾರುತ್ತೇವೆ. ಬೆಳಗ್ಗೆ ಅದರ ನೆನಪೂ ಇರುವುದಿಲ್ಲ. ಸ್ವಲೀನತೆಯ ಮಗು ಈ ಸಂಧಿಯಲ್ಲಿ ಪೂರ್ತಿ ಎಚ್ಚರಗೊಂಡುಬಿಡುತ್ತದೆ, ಮತ್ತೆ ಮಲಗುವ ದಾರಿ ಅದಕ್ಕೆ ತಿಳಿಯುವುದಿಲ್ಲ.

ಇದಕ್ಕೆ ಹಲವು ಕಾರಣಗಳು ಕೂಡಿಕೊಳ್ಳುತ್ತವೆ. ಮೊದಲನೆಯದು ದೇಹದೊಳಗಿನ ಗಡಿಯಾರ. ಕತ್ತಲಾಗುತ್ತಿದ್ದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸ ಹೆಚ್ಚುತ್ತ ಹೋಗಿ ದೇಹಕ್ಕೆ ರಾತ್ರಿಯ ಸೂಚನೆ ಕೊಡುತ್ತದೆ. ಸ್ವಲೀನತೆಯ ಹಲವು ಮಕ್ಕಳಲ್ಲಿ ಈ ರಸ ಕಡಿಮೆ ಇರುವುದು ಅಥವಾ ಹೊತ್ತು ತಪ್ಪಿ ಏರಿಳಿಯುವುದು ಕಂಡುಬಂದಿದೆ.

ಎರಡನೆಯದು ಇಂದ್ರಿಯಗಳ ಸೂಕ್ಷ್ಮತೆ. ನಮಗೆ ಕೇಳಿಸದ ಸದ್ದು ಆ ಮಗುವಿಗೆ ಕೇಳಿಸುತ್ತದೆ. ವಿದ್ಯುತ್ತು ಹೋಗಿ ಪಂಖ ನಿಂತಾಗ ಉಂಟಾಗುವ ನಿಶ್ಶಬ್ದವೇ ಅದನ್ನು ಎಬ್ಬಿಸಬಹುದು. ರಾತ್ರಿ ಹೊಲಕ್ಕೆ ವಿದ್ಯುತ್ತು ಬಂದೊಡನೆ ತೊಡಗುವ ಪಂಪಿನ ಸದ್ದು, ಬೀದಿನಾಯಿಗಳ ಕೂಗು, ಅಂಗಿಯ ಕೊರಳಿನ ಹಿಂದೆ ಹೊಲಿದ ಒರಟು ಚೀಟಿ, ಹೊಸ ಹಾಸಿಗೆಯ ವಾಸನೆ, ಯಾವುದು ಬೇಕಾದರೂ ಕಾರಣವಾಗಬಹುದು.

ಮೂರನೆಯದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಮಗು ರಾತ್ರಿ ಮೊದಲು ನಿದ್ರೆಗೆ ಜಾರುವಾಗ ಏನಿರುತ್ತದೆಯೋ ಅದನ್ನೇ ನಡುರಾತ್ರಿಯಲ್ಲಿಯೂ ಅದು ಹುಡುಕುತ್ತದೆ. ತಾಯಿಯ ಸೆರಗು ಹಿಡಿದು, ಬೆನ್ನು ತಟ್ಟಿಸಿಕೊಂಡು, ಮೊಬೈಲಿನ ಹಾಡು ನೋಡುತ್ತ ನಿದ್ರೆಹೋದ ಮಗುವಿಗೆ ಎರಡು ಗಂಟೆಗೆ ಎಚ್ಚರವಾದಾಗ ಸೆರಗೂ ಇಲ್ಲ, ತಟ್ಟುವ ಕೈಯೂ ಇಲ್ಲ, ಹಾಡೂ ಇಲ್ಲ. ಮಲಗಿದಾಗ ಇದ್ದ ಜಗತ್ತೇ ಮಾಯವಾಗಿದೆ. ಬದಲಾವಣೆಯನ್ನು ಸಹಿಸಲಾರದ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ನಡುರಾತ್ರಿಯ ಎಚ್ಚರಕ್ಕೆ ಮದ್ದನ್ನು ಬಹುಮಟ್ಟಿಗೆ ರಾತ್ರಿ ಒಂಬತ್ತು ಗಂಟೆಯಲ್ಲಿಯೇ ಹುಡುಕಬೇಕಾಗುತ್ತದೆ.

ಮೊದಲು ದೇಹದ ನೋವನ್ನು ವಿಚಾರಿಸಿ

ಮಾತು ಬಾರದ ಮಗು ಹೊಟ್ಟೆನೋವೆಂದು ಹೇಳಲಾರದು, ಎದ್ದು ಅಳುತ್ತದೆ ಅಷ್ಟೆ. ಹಟವೆಂದು ತಿಳಿಯುವ ಮುನ್ನ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಮಲಬದ್ಧತೆ, ಹೊಟ್ಟೆಯ ಹುಳಿ ಗಂಟಲಿಗೆ ಏರುವುದು, ಹಲ್ಲುನೋವು, ಕಿವಿನೋವು, ಚರ್ಮದ ತುರಿಕೆ, ಜಂತುಹುಳು, ಇವೆಲ್ಲ ನಿದ್ರೆ ಕೆಡಿಸುತ್ತವೆ. ಮಗು ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ಕಟ್ಟಿ ಏದುಸಿರು ಬಿಡುತ್ತಿದ್ದರೆ ಗಂಟಲಿನ ಗ್ರಂಥಿಗಳು ಊದಿರಬಹುದು.

ಕಬ್ಬಿಣದ ಅಂಶದ ಕೊರತೆಯನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕಾಗಿದೆ. ಸ್ವಲೀನತೆಯ ಮಕ್ಕಳು ಹಲವರು ಆರಿಸಿಕೊಂಡ ಎರಡು ಮೂರು ಪದಾರ್ಥಗಳನ್ನಷ್ಟೇ ಉಣ್ಣುತ್ತಾರೆ. ಬಿಳಿ ಅನ್ನ ಮೊಸರು, ಇಲ್ಲವೆ ಬಿಸ್ಕತ್ತು ಹಾಲು ಬಿಟ್ಟು ಬೇರೇನನ್ನೂ ಮುಟ್ಟದ ಮಕ್ಕಳಿದ್ದಾರೆ. ನಮ್ಮ ಶಾಕಾಹಾರದ ಮನೆಗಳಲ್ಲಿ ಸೊಪ್ಪು ಕಾಳುಗಳನ್ನೂ ಮಗು ಒಲ್ಲೆನೆಂದರೆ ಕಬ್ಬಿಣ ಎಲ್ಲಿಂದ ಬರಬೇಕು? ಅದು ಕಡಿಮೆಯಾದಾಗ ಮಲಗಿದೊಡನೆ ಕಾಲುಗಳಲ್ಲಿ ಏನೋ ಹರಿದಾಡಿದಂತಾಗಿ ಮಗು ಕಾಲು ಝಾಡಿಸುತ್ತದೆ, ಹೊರಳಾಡುತ್ತದೆ, ಏಳುತ್ತದೆ. ರಕ್ತದಲ್ಲಿ ಫೆರಿಟಿನ್ ಎಷ್ಟಿದೆಯೆಂದು ಪರೀಕ್ಷಿಸಿದರೆ ಇದು ತಿಳಿಯುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಕಬ್ಬಿಣದ ಔಷಧ ಕೊಡಬೇಕು. ಊಟದೊಡನೆ ಚಹಾ ಕೊಟ್ಟರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತದು. ಸಾರಿಗೆ ಹಿಂಡಿದ ಲಿಂಬೆಹಣ್ಣು ಹತ್ತಲು ನೆರವಾಗುತ್ತದೆ.

ಇನ್ನೊಂದು ಮುಖ್ಯ ಮಾತು ಮೂರ್ಛೆರೋಗದ್ದು. ಸ್ವಲೀನತೆಯ ಮಕ್ಕಳಲ್ಲಿ ಇದು ಇತರ ಮಕ್ಕಳಿಗಿಂತ ಹೆಚ್ಚು. ಕೆಲವು ಮಕ್ಕಳಿಗೆ ನಿದ್ರೆಯಲ್ಲಿಯೇ ಬರುತ್ತದೆ. ರಾತ್ರಿ ಎಚ್ಚರವಾದಾಗ ಪ್ರತಿಸಲವೂ ಒಂದೇ ಬಗೆಯಲ್ಲಿ ಮೈ ಬಿಗಿಯುವುದು, ಕೈಕಾಲು ಜಗ್ಗುವುದು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವುದು, ನಾಲಗೆ ಕಚ್ಚಿಕೊಳ್ಳುವುದು ಕಂಡರೆ ಮೊಬೈಲಿನಲ್ಲಿ ಅದನ್ನು ಚಿತ್ರಿಸಿ ವೈದ್ಯರಿಗೆ ತೋರಿಸಿ. ಬಾಯಿಮಾತಿನ ವರ್ಣನೆಗಿಂತ ಅರ್ಧ ನಿಮಿಷದ ಚಿತ್ರ ಅವರಿಗೆ ಹೆಚ್ಚು ಹೇಳುತ್ತದೆ. ಹಗಲಿನಲ್ಲಿ ಕೊಡುತ್ತಿರುವ ಕೆಲವು ಔಷಧಗಳೂ ನಿದ್ರೆ ಕೆಡಿಸಬಲ್ಲವು. ಅವುಗಳ ಪಟ್ಟಿಯನ್ನೂ ಒಯ್ಯಿರಿ.

ಎರಡು ವಾರದ ಲೆಕ್ಕ

ಚಿಕಿತ್ಸೆಗೆ ತೊಡಗುವ ಮುನ್ನ ಒಂದು ಸಣ್ಣ ನೋಟುಪುಸ್ತಕವನ್ನು ಗೋಡೆಗೆ ತೂಗುಹಾಕಿ ಎರಡು ವಾರ ಲೆಕ್ಕ ಬರೆಯಿರಿ. ಎಷ್ಟು ಗಂಟೆಗೆ ಹಾಸಿಗೆಗೆ ಹೋಯಿತು, ಎಷ್ಟು ಗಂಟೆಗೆ ನಿದ್ರೆ ಹತ್ತಿತು, ಯಾವಾಗ ಎದ್ದಿತು, ಎಷ್ಟು ಹೊತ್ತು ಎಚ್ಚರವಿತ್ತು, ಆಗ ಮನೆಯವರು ಏನು ಮಾಡಿದರು, ಬೆಳಗ್ಗೆ ಎಷ್ಟು ಗಂಟೆಗೆ ಎದ್ದಿತು, ಹಗಲು ಎಷ್ಟು ಮಲಗಿತು. ಅಂದು ಏನಾದರೂ ವಿಶೇಷವಿದ್ದರೆ, ನೆಂಟರು ಬಂದದ್ದು, ಜಾತ್ರೆಗೆ ಹೋದದ್ದು, ಮಲವಿಸರ್ಜನೆ ಆಗದಿದ್ದದ್ದು, ಅದನ್ನೂ ಒಂದು ಸಾಲು ಬರೆಯಿರಿ.

ಈ ಲೆಕ್ಕದಿಂದ ಎಷ್ಟೋ ಸಂಗತಿ ಹೊರಬೀಳುತ್ತದೆ. 3ರಿಂದ 5 ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಅದಕ್ಕೂ ಮೇಲಿನ ಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ತಜ್ಞರು ಒಪ್ಪಿದ ಅಳತೆ. ಮಧ್ಯಾಹ್ನ ಮೂರು ಗಂಟೆ ಮಲಗಿ ಸಂಜೆ ಐದಕ್ಕೆ ಎದ್ದ ಎಂಟು ವರ್ಷದ ಬಾಲಕ ರಾತ್ರಿ ಎರಡಕ್ಕೆ ಎದ್ದು ಕೂತರೆ ಅದರಲ್ಲಿ ಆಶ್ಚರ್ಯವಿಲ್ಲ. ರಾತ್ರಿಯೆಲ್ಲ ಎಚ್ಚರವಿತ್ತೆಂದು ಬೆಳಗ್ಗೆ ಒಂಬತ್ತರವರೆಗೆ ಮಲಗಲು ಬಿಡುವುದೂ, ಮಧ್ಯಾಹ್ನ ಮಲಗಿಸುವುದೂ ಕರುಣೆಯೆನಿಸಿದರೂ ಮುಂದಿನ ರಾತ್ರಿಯನ್ನು ಅದೇ ಕೆಡಿಸುತ್ತದೆ. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರಬೇಕು. ಎದ್ದೊಡನೆ ಅಂಗಳದ ಬಿಸಿಲಿಗೆ ಕರೆದುಕೊಂಡು ಬರಬೇಕು. ಬೆಳಗಿನ ಬೆಳಕೇ ದೇಹದ ಗಡಿಯಾರಕ್ಕೆ ಕೀಲಿ.

ಸಂಜೆಯ ಕ್ರಮ

ಸ್ವಲೀನತೆಯ ಮಗು ಕ್ರಮವನ್ನು ಪ್ರೀತಿಸುತ್ತದೆ. ಈ ಗುಣವನ್ನೇ ನಾವು ಉಪಯೋಗಿಸಿಕೊಳ್ಳಬೇಕು. ನಿತ್ಯವೂ ಅದೇ ಹೊತ್ತಿಗೆ, ಅದೇ ಅನುಕ್ರಮದಲ್ಲಿ ನಡೆಯುವ ನಾಲ್ಕೈದು ಕೆಲಸಗಳು ಮಗುವಿಗೆ ರಾತ್ರಿ ಬರುತ್ತಿದೆಯೆಂದು ತಿಳಿಸುತ್ತವೆ. ಊಟ, ಬೆಚ್ಚನೆಯ ನೀರಿನಲ್ಲಿ ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಶೌಚ, ಅಜ್ಜನ ಬಳಿ ಕುಳಿತು ಪ್ರಾರ್ಥನೆ, ದೀಪ ಸಣ್ಣದು ಮಾಡಿ ಮಲಗುವುದು. ಪ್ರಾರ್ಥನೆ ಮೆಲುದನಿಯದಾಗಿರಲಿ, ಐದು ನಿಮಿಷಕ್ಕೆ ಮುಗಿಯಲಿ. ಹಣೆಗೆ ಒಣ ವಿಭೂತಿ ಹಚ್ಚುವ ಸ್ಪರ್ಶವನ್ನು ಮಗು ಸಹಿಸದಿದ್ದರೆ ಬಲವಂತ ಬೇಡ. ಅಜ್ಜನ ಪಕ್ಕದಲ್ಲಿ ಕುಳಿತುಕೊಂಡರೂ ಸಾಕು.

ಮಾತಿಗಿಂತ ಚಿತ್ರ ಈ ಮಕ್ಕಳಿಗೆ ಬೇಗ ನಾಟುತ್ತದೆ. ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ನಿಮ್ಮ ಮನೆಯದೇ ತಟ್ಟೆ, ಬಚ್ಚಲು, ಹಲ್ಲುಜ್ಜುವ ಬ್ರಷ್, ದೇವರಮನೆ, ಹಾಸಿಗೆಗಳ ಚಿತ್ರಗಳನ್ನು ಮೇಲಿನಿಂದ ಕೆಳಕ್ಕೆ ಅಂಟಿಸಿ. ಒಂದೊಂದು ಕೆಲಸ ಮುಗಿದಂತೆ ಮಗು ಅದರ ಮೇಲೆ ಒಂದು ಬಟ್ಟೆಯ ಚೂರನ್ನು ಇಳಿಬಿಡಲಿ. ಕೊನೆಯದು ಹಾಸಿಗೆಯ ಚಿತ್ರ. ಊರಿಗೆ ಹೋದಾಗಲೂ ಈ ರಟ್ಟು ಜೊತೆಗಿರಲಿ.

ಮಲಗುವುದಕ್ಕೆ ಒಂದು ಗಂಟೆ ಮೊದಲೇ ಟಿ.ವಿ., ಮೊಬೈಲುಗಳು ಮಗುವಿನ ಕಣ್ಣಿನಿಂದ ಮರೆಯಾಗಬೇಕು. ಮನೆಯವರೆಲ್ಲ ಧಾರಾವಾಹಿ ನೋಡುತ್ತ ಮಗುವಿಗೆ ಮಾತ್ರ ಮಲಗೆಂದರೆ ಅದು ನಡೆಯದ ಮಾತು. ಮಧ್ಯಾಹ್ನದ ನಂತರ ಚಹಾ ಕಾಫಿ ಕೊಡಬಾರದು. ಬಟ್ಟಲಿನ ತಳದ ಒಂದು ಗುಟುಕನ್ನು ಅಕ್ಕರೆಯಿಂದ ಕುಡಿಸುವ ಅಜ್ಜಂದಿರೂ ಇದನ್ನು ನೆನಪಿಡಬೇಕು. ಸಂಜೆ ಮಗು ಓಡಿ ಆಡಿ ದಣಿಯಲಿ, ಆದರೆ ಮಲಗುವ ಹೊತ್ತಿಗೆ ಕಚಗುಳಿ, ಮೇಲೆಸೆದು ಹಿಡಿಯುವ ಆಟ ಬೇಡ.

ಹಾಸಿಗೆಯ ಜಾಗ ನಿತ್ಯ ಒಂದೇ ಇರಲಿ. ಪ್ರತ್ಯೇಕ ಕೋಣೆ ಬೇಕೆಂದಿಲ್ಲ; ಪಡಸಾಲೆಯ ಒಂದು ಮೂಲೆಯಾದರೂ ಸಾಕು. ಭಾರದ ಹೊದಿಕೆಯೆಂದು ಮಾರುವ ವಸ್ತುವಿನಿಂದ ನಿದ್ರೆಯ ಅವಧಿ ಹೆಚ್ಚುತ್ತದೆಂಬುದು 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಸಿದ್ಧವಾಗಲಿಲ್ಲ. ಅದಕ್ಕೆ ಹಣ ಸುರಿಯುವ ಬದಲು ಅಜ್ಜಿ ಹೊಲಿದ ಹಳೆಯ ಕೌದಿಯನ್ನು ಮಗು ಇಷ್ಟಪಟ್ಟರೆ ಅದನ್ನೇ ಹೊದಿಸಿ. ಮುಖ ಮುಚ್ಚದಂತೆ, ಮಗು ತಾನೇ ಸರಿಸಿಕೊಳ್ಳಲು ಬರುವಂತೆ ಇದ್ದರಾಯಿತು.

ಎಚ್ಚರವಾದಾಗ ಏನು ಮಾಡಬೇಕು?

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಗು ಎದ್ದಾಗ ಮೊದಲು ಒಂದೆರಡು ನಿಮಿಷ ಕಾಯಿರಿ. ಎಷ್ಟೋ ಸಲ ಅರೆನಿದ್ರೆಯ ನರಳಾಟವನ್ನು ಎಚ್ಚರವೆಂದು ತಿಳಿದು ನಾವೇ ಎತ್ತಿಕೊಂಡು ಎಬ್ಬಿಸಿಬಿಡುತ್ತೇವೆ. ಮಲಗಿದ ಎರಡು ಮೂರು ಗಂಟೆಯೊಳಗೆ ಮಗು ಕಿರಿಚಿ ಎದ್ದು, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸದಿದ್ದರೆ ಅದು ಗಾಢನಿದ್ರೆಯಲ್ಲಿ ಬರುವ ಭಯ. ಆಗ ಅಲುಗಾಡಿಸಿ ಎಬ್ಬಿಸಬಾರದು. ಬೀಳದಂತೆ, ತಾಗದಂತೆ ಪಕ್ಕದಲ್ಲಿದ್ದರೆ ಸಾಕು, ತಾನೇ ಮಲಗುತ್ತದೆ.

ನಿಜವಾಗಿ ಎಚ್ಚರಗೊಂಡಿದ್ದರೆ ನೀರು, ಶೌಚ, ಜ್ವರ, ಒದ್ದೆ ಬಟ್ಟೆ, ಸೊಳ್ಳೆ ಇಷ್ಟನ್ನು ನೋಡಿ. ಆಮೇಲೆ ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ದೊಡ್ಡ ದೀಪ ಹಚ್ಚಬೇಡಿ. ಗದರಿಸಬೇಡಿ, ಮುದ್ದಾಡಲೂ ಬೇಡಿ. ಹಾಲು, ಬಿಸ್ಕತ್ತು, ಮೊಬೈಲು ಕೊಡಲೇಬೇಡಿ. ನಡುರಾತ್ರಿ ಎದ್ದರೆ ಸಿಹಿ ಸಿಗುತ್ತದೆಂದು ಒಮ್ಮೆ ತಿಳಿದ ಮಗು ಅದನ್ನು ಮರೆಯುವುದಿಲ್ಲ. ಮೆಲ್ಲಗೆ ಕೈಹಿಡಿದು ಹಾಸಿಗೆಗೆ ಕರೆತಂದು, ಪ್ರತಿಸಲವೂ ಒಂದೇ ಮಾತು ಹೇಳಿ: "ಈಗ ರಾತ್ರಿ. ಎಲ್ಲರೂ ಮಲಗಿದ್ದಾರೆ. ಮಲಗು, ಕಂದ." ಹತ್ತು ಸಲ ಎದ್ದರೆ ಹತ್ತು ಸಲವೂ ಅದೇ ಮಾತು, ಅದೇ ದನಿ. ಈ ಬೇಸರದ ಪುನರಾವರ್ತನೆಯೇ ಇಲ್ಲಿ ಔಷಧ.

ಇದರ ಜೊತೆಗೆ ಮಗು ರಾತ್ರಿಯ ಮೊದಲ ನಿದ್ರೆಗೆ ತಾನಾಗಿಯೇ ಜಾರುವುದನ್ನು ಕಲಿಸಬೇಕು. ಮಗುವನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಅಳಲು ಬಿಡಬೇಕೆಂದು ಕೆಲವು ಪುಸ್ತಕಗಳು ಹೇಳುತ್ತವೆ. ಒಂದೇ ಹಾಸಿಗೆಯಲ್ಲಿ ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗುವ ನಮ್ಮ ಮನೆಗಳಿಗೆ ಅದು ಹೊಂದದು, ಅದರ ಅಗತ್ಯವೂ ಇಲ್ಲ. ಹಂತ ಹಂತವಾಗಿ ದೂರ ಸರಿಯುವ ದಾರಿಯಿದೆ. ಈಗ ನೀವು ಮಗುವನ್ನು ಅಪ್ಪಿ ಮಲಗುತ್ತಿದ್ದರೆ ಮೊದಲ ನಾಲ್ಕೈದು ರಾತ್ರಿ ಪಕ್ಕದಲ್ಲಿ ಮಲಗಿ ಕೈ ಮಾತ್ರ ಮೈಮೇಲಿಡಿ. ಮುಂದಿನ ನಾಲ್ಕೈದು ರಾತ್ರಿ ಕೈ ತೆಗೆದು ಪಕ್ಕದಲ್ಲಿ ಕುಳಿತಿರಿ. ಆಮೇಲೆ ಒಂದು ಮೊಳ ದೂರ ನಿಮ್ಮ ಚಾಪೆ. ಆಮೇಲೆ ಕೋಣೆಯ ಇನ್ನೊಂದು ಬದಿ. ಕಣ್ಣಿಗೆ ಕಣ್ಣು ಸೇರಿಸದೆ, ಮಾತಾಡದೆ ಕುಳಿತಿರಬೇಕು. ನಡುರಾತ್ರಿ ಎಚ್ಚರವಾದಾಗಲೂ ಅಂದಿನ ಹಂತ ಯಾವುದೋ ಅಷ್ಟೇ ದೂರ. ಹೊಸ ಹಂತಕ್ಕೆ ಮಗು ಬಹಳ ಕಂಗಾಲಾದರೆ ಹಿಂದಿನದರಲ್ಲಿಯೇ ಇನ್ನು ಕೆಲವು ದಿನ ಇರಿ. ತಿಂಗಳು ಎರಡು ತಿಂಗಳಾದರೂ ಚಿಂತೆಯಿಲ್ಲ.

ಹಾಸಿಗೆಯಲ್ಲಿ ಬಹಳ ಹೊತ್ತು ನಿದ್ರೆ ಬಾರದೆ ಹೊರಳುವ, ನಡುರಾತ್ರಿ ಎರಡು ಮೂರು ಗಂಟೆ ಸಂತೋಷವಾಗಿ ಆಡುತ್ತ ಕೂರುವ ಮಗುವಿಗೆ ಇನ್ನೊಂದು ಉಪಾಯ. ನಿಮ್ಮ ಲೆಕ್ಕದ ಪುಸ್ತಕದ ಪ್ರಕಾರ ಅದಕ್ಕೆ ನಿದ್ರೆ ಹತ್ತುವುದು ಹತ್ತೂವರೆಗೆ ಎಂದಾದರೆ ಒಂಬತ್ತಕ್ಕೆ ಮಲಗಿಸುವ ಯತ್ನ ಬಿಡಿ. ಕೆಲವು ದಿನ ಹತ್ತೂವರೆಗೇ ಹಾಸಿಗೆ. ಬೆಳಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ಮಲಗಿದ ಕಾಲುಗಂಟೆಯಲ್ಲಿ ನಿದ್ರೆ ಹತ್ತತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕಾಲುಗಂಟೆ ಹಿಂದಕ್ಕೆ ತನ್ನಿ. ಹಾಸಿಗೆ ಎಂದರೆ ನಿದ್ರೆ ಎಂಬ ನಂಟು ಹೀಗೆ ಗಟ್ಟಿಯಾಗುತ್ತದೆ.

ಮಾತು ತಿಳಿಯುವ ದೊಡ್ಡ ಮಕ್ಕಳಿಗೆ ಮಲಗುವಾಗ ಒಂದು ಚೀಟಿ ಕೊಡಬಹುದು. ಆ ಚೀಟಿ ಕೊಟ್ಟು ಒಂದು ಸಲ ನೀರನ್ನೋ ಅಪ್ಪುಗೆಯನ್ನೋ ಕೇಳಬಹುದು. ಚೀಟಿ ಉಳಿಸಿದರೆ ಬೆಳಗ್ಗೆ ಅದರ ಮೆಚ್ಚಿನ ಸಣ್ಣ ಬಹುಮಾನ.

ತಾಯಂದಿರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಹೊಸ ಕ್ರಮ ತೊಡಗಿದ ಮೊದಲ ಕೆಲವು ರಾತ್ರಿ ಅಳು, ಹಟ ಹೆಚ್ಚುತ್ತವೆ. ಹಳೆಯ ಬಾಗಿಲು ತೆರೆಯದಿದ್ದಾಗ ಯಾರೇ ಆಗಲಿ ಇನ್ನೂ ಜೋರಾಗಿ ಬಡಿಯುತ್ತಾರಲ್ಲವೆ? ನಾಲ್ಕನೆಯ ರಾತ್ರಿ ಸೋತು ಮೊಬೈಲು ಕೊಟ್ಟುಬಿಟ್ಟರೆ ನಾಲ್ಕು ರಾತ್ರಿ ಅತ್ತರೆ ಸಿಗುತ್ತದೆಂಬ ಪಾಠವನ್ನೇ ಮಗು ಕಲಿಯುತ್ತದೆ. ಆದ್ದರಿಂದ ಮನೆಯಲ್ಲಿ ಮದುವೆ, ಪರೀಕ್ಷೆ, ಸುಗ್ಗಿ ಇಲ್ಲದ ದಿನಗಳನ್ನು ನೋಡಿಕೊಂಡು, ಎಲ್ಲರೂ ಒಪ್ಪಿದ ಮೇಲೆ ತೊಡಗುವುದು ಜಾಣತನ.

ರಾತ್ರಿಯ ಕಾವಲು

ಮನೆಯವರೆಲ್ಲ ಮಲಗಿರುವಾಗ ಎಚ್ಚರವಿರುವ ಮಗುವಿಗೆ ಅಪಾಯದ ಅರಿವಿರುವುದಿಲ್ಲ. ಸ್ವಲೀನತೆಯ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ಬಹಳ. ಮನೆ ಬಿಟ್ಟು ಹೊರನಡೆದು ನೀರಿಗೆ ಬಿದ್ದ ದುರಂತಗಳು ಎಲ್ಲ ದೇಶಗಳಲ್ಲಿಯೂ ನಡೆದಿವೆ. ಹಿತ್ತಲಿನ ಬಾವಿಗೆ ಜಾಲರಿ, ನೀರಿನ ಸಂಪಿಗೆ ಭದ್ರವಾದ ಮುಚ್ಚಳ, ಹೊಲದ ಕೃಷಿಹೊಂಡಕ್ಕೆ ಬೇಲಿ ಇರಲೇಬೇಕು. ಬೀದಿಬಾಗಿಲಿಗೂ ಮಾಳಿಗೆಯ ಬಾಗಿಲಿಗೂ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ದೊಡ್ಡವರು ಕ್ಷಣದಲ್ಲಿ ತೆಗೆಯುವಂತಿರಲಿ. ಬಾಗಿಲಿಗೆ ದನದ ಕೊರಳಿನ ಒಂದು ಗಂಟೆ ಕಟ್ಟಿದರೆ ತೆರೆದಾಗ ಸದ್ದಾಗುತ್ತದೆ. ಗ್ಯಾಸಿನ ರೆಗ್ಯುಲೇಟರನ್ನು ರಾತ್ರಿ ಮುಚ್ಚಿ. ಬೆಂಕಿಪೊಟ್ಟಣ, ಚಾಕು, ಮಾತ್ರೆ, ಹೊಲಕ್ಕೆ ಸಿಂಪಡಿಸುವ ಔಷಧ ಬೀಗದೊಳಗಿರಲಿ. ಮಗುವನ್ನು ಮಾತ್ರ ಎಂದೂ ಕಟ್ಟಿಹಾಕಬಾರದು, ಒಂಟಿಯಾಗಿ ಕೋಣೆಯಲ್ಲಿ ಕೂಡಿ ಬೀಗ ಹಾಕಬಾರದು.

ಔಷಧದ ಮಾತು

ನೆಗಡಿಯ ಸಿರಪ್ಪು ಕುಡಿಸಿದರೆ ಮಗು ಮಲಗುತ್ತದೆಂದು ಅಂಗಡಿಯಿಂದ ತಂದು ಕೊಡುವ ರೂಢಿ ಕೆಲವೆಡೆ ಇದೆ. ಇದು ಅಪಾಯ. ಕೆಲವು ಮಕ್ಕಳಲ್ಲಿ ಅದು ನಿದ್ರೆಯ ಬದಲು ಉದ್ರೇಕವನ್ನೇ ತರುತ್ತದೆ. ಅಮೆರಿಕದ ನರವಿಜ್ಞಾನ ಅಕಾಡೆಮಿ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಮೊದಲು ದೇಹದ ಕಾಯಿಲೆಗಳನ್ನು ಹುಡುಕಿ, ಆಮೇಲೆ ಮೇಲೆ ಹೇಳಿದಂಥ ಅಭ್ಯಾಸಗಳನ್ನು ತಿದ್ದಿ, ಅಷ್ಟರಿಂದ ಸಾಲದಿದ್ದಾಗ ಮೆಲಟೋನಿನ್ ಕೊಡುವ ವಿಚಾರ ಮಾಡಬೇಕೆನ್ನುತ್ತದೆ. ಮೆಲಟೋನಿನ್ ಮಾತ್ರೆ ಮೊದಲ ನಿದ್ರೆ ಬೇಗ ಹತ್ತಲು ಹೆಚ್ಚು ನೆರವಾಗುತ್ತದೆ. ನಡುರಾತ್ರಿಯ ಎಚ್ಚರಕ್ಕೆ ಅದರ ನೆರವು ಅಷ್ಟಿಲ್ಲ. ಎಷ್ಟು, ಯಾವಾಗ, ಎಷ್ಟು ಕಾಲ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತಾಯಿಗೂ ನಿದ್ರೆ ಬೇಕು

ಕೊನೆಯದಾಗಿ ಹೇಳುವ ಈ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಮೇಲಿನ ಕ್ರಮಗಳೆಲ್ಲ ತಾಳ್ಮೆಯನ್ನು ಬೇಡುತ್ತವೆ, ಮೂರು ವರ್ಷದಿಂದ ನಿದ್ರೆಗೆಟ್ಟ ತಾಯಿಯಲ್ಲಿ ತಾಳ್ಮೆ ಎಲ್ಲಿ ಉಳಿದಿರುತ್ತದೆ? ನಿದ್ರೆಯಿಲ್ಲದ ದೇಹ ರೋಗಕ್ಕೆ ಗುರಿಯಾಗುತ್ತದೆ, ಮನಸ್ಸು ಖಿನ್ನತೆಗೆ ಇಳಿಯುತ್ತದೆ. ಅರಿವಿಲ್ಲದೆ ಮಗುವಿನ ಮೇಲೆ ಕೈ ಏಳುತ್ತದೆ, ಆಮೇಲೆ ಅದಕ್ಕಾಗಿ ಆಕೆ ಒಳಗೊಳಗೇ ಬೇಯುತ್ತಾಳೆ.

ಆದ್ದರಿಂದ ರಾತ್ರಿಯನ್ನು ಹಂಚಿಕೊಳ್ಳಬೇಕು. ವಾರದಲ್ಲಿ ಮೂರು ರಾತ್ರಿ ತಂದೆಯ ಸರದಿ. ಅಥವಾ ಎರಡು ಗಂಟೆಯವರೆಗೆ ತಂದೆ, ಆಮೇಲೆ ತಾಯಿ. ಬೆಳಗ್ಗೆ ದುಡಿಮೆಗೆ ಹೋಗಬೇಕೆಂಬುದು ತಂದೆಯ ನೆಪವಾಗಬಾರದು, ತಾಯಿಯದೂ ದುಡಿಮೆಯೇ. ಸರದಿ ತನ್ನದಲ್ಲದ ರಾತ್ರಿ ತಾಯಿ ಬೇರೆ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗಲಿ. ಕೆಟ್ಟ ರಾತ್ರಿಯ ಮರುದಿನ ಬೆಳಗಿನ ಅಡುಗೆಯನ್ನು ಅತ್ತೆಯವರೋ ನೆಗೆಣ್ಣಿಯೋ ವಹಿಸಿಕೊಳ್ಳಲಿ. ಮಾವನವರು ಮಗುವನ್ನು ಅಂಗಳದ ಬಿಸಿಲಿಗೆ ಕರೆದೊಯ್ಯಲಿ. ಪರೀಕ್ಷೆಗೆ ಓದುವ ಅಣ್ಣ ಅಕ್ಕಂದಿರಿಗೆ ಮಲಗಲು ಬೇರೆ ಎಡೆ ಇರಲಿ. ಎಲ್ಲರೂ ರಾತ್ರಿ ಹೇಳುವ ಮಾತೊಂದೇ ಇರಲಿ. ಅಮ್ಮ ಒಂದು, ಅಜ್ಜಿ ಒಂದು ಮಾಡಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ಮಠದಲ್ಲಿ ನೂರು ಜನಕ್ಕೆ ಬಡಿಸುವುದನ್ನು ದಾಸೋಹವೆಂದು ತಿಳಿದ ನಾವು, ಮನೆಯೊಳಗಿನ ಒಂದು ದಣಿದ ಜೀವಕ್ಕೆ ನಾಲ್ಕು ತಾಸು ನಿದ್ರೆ ಕೊಡುವುದನ್ನೂ ದಾಸೋಹವೆಂದೇ ತಿಳಿಯಬೇಕು.

ಹೊರಗಿನ ನೆರವೂ ಇದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗಳಲ್ಲಿ ತಜ್ಞರಿದ್ದಾರೆ. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮೊದಲು ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು, ಆದ್ದರಿಂದ ಪ್ರಮಾಣಪತ್ರ ಪಡೆಯುವುದು ಮಗುವಿನ ಹಕ್ಕು. 1999ರ ಕಾಯಿದೆಯಂತೆ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಆರೋಗ್ಯವಿಮೆ ದೊರೆಯುತ್ತದೆ. ತಾಯಿಯ ಮನಸ್ಸು ಬಹಳ ಕುಗ್ಗಿದಾಗ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ನಾಳೆಯಿಂದಲೇ ಮಗು ರಾತ್ರಿಯಿಡೀ ಮಲಗೀತೆಂದು ನಾವು ಹೇಳುತ್ತಿಲ್ಲ. ವಾರಕ್ಕೆ ಆರು ರಾತ್ರಿ ಏಳುತ್ತಿದ್ದ ಮಗು ಮೂರು ರಾತ್ರಿ ಎದ್ದರೆ, ಮೂರು ಗಂಟೆ ಎಚ್ಚರವಿರುತ್ತಿದ್ದುದು ಅರ್ಧ ಗಂಟೆಗೆ ಇಳಿದರೆ ಅದು ದೊಡ್ಡ ಗೆಲುವು. ಜ್ವರ, ಪ್ರವಾಸ, ಹಬ್ಬಗಳಲ್ಲಿ ಕ್ರಮ ತಪ್ಪೀತು. ಮತ್ತೆ ಮೊದಲಿನಿಂದ ತೊಡಗಿದರೆ ಈ ಸಲ ಬೇಗ ಕೈಗೂಡುತ್ತದೆ. ಸಹೋದರ ಸಹೋದರಿಯರೇ, ನಿಮ್ಮ ಬಳಗದಲ್ಲಿಯೂ ಇಂಥ ಮಗುವಿರಬಹುದು. ಮುಂದಿನ ಸಲ ಆ ತಾಯಿಯನ್ನು ಕಂಡಾಗ ಮಗು ಹೇಗಿದೆಯೆಂದಷ್ಟೇ ಕೇಳಬೇಡಿ. ನಿನ್ನೆ ರಾತ್ರಿ ನಿನಗೆ ನಿದ್ರೆ ಬಂತೆ ತಂಗಿ ಎಂದೂ ಕೇಳಿ. ಇಲ್ಲವೆಂದರೆ ಮಗುವನ್ನು ಎರಡು ತಾಸು ನೀವು ನೋಡಿಕೊಂಡು ಆಕೆಯನ್ನು ಮಲಗಲು ಕಳಿಸಿ.